ಪಂಕ್ತಿಯಿಂದ ಎದ್ದವರ ಕನಸು

ಇಲ್ಲಿ ಮಹೇಶ್ ಎಂದು ಕರೆದಿರುವವರ ನಿಜವಾದ ಹೆಸರು ಬೇರೆ. ಊರು, ಉದ್ಯೋಗ, ಮನೆಯವರ ವಿವರಗಳಲ್ಲಿ ಕೆಲವನ್ನು ಬದಲಿಸಿದ್ದೇನೆ. ಕನಸನ್ನು ಮಾತ್ರ ಅವರು ಬರೆದುಕೊಟ್ಟಂತೆಯೇ ಇಟ್ಟಿದ್ದೇನೆ. ಅವರು ಓದಿ ಒಪ್ಪಿದ ಮೇಲೆಯೇ ಈ ಬರಹ ಹೊರಬರುತ್ತಿದೆ. ಆಪ್ತ ಸಮಾಲೋಚನೆ ಕಲಿಯುತ್ತಿರುವವರಿಗೆ ಇದು ಉಪಯೋಗವಾಗಬಹುದು. ಮನೆಯಲ್ಲಿ ಯಾರಾದರೂ ಕನಸು ಹೇಳಿಕೊಂಡ ತಕ್ಷಣ ಅರ್ಥ ಹೇಳಲು ಬಾಯಿ ತೆರೆಯುವವರಿಗೂ ಆಗಬಹುದು. ಈ ಎರಡನೆಯ ಗುಂಪು ನಮ್ಮಲ್ಲಿ ಬಹಳ ದೊಡ್ಡದು.

ಹಿನ್ನೆಲೆ

ಮಹೇಶ್ ಅವರಿಗೆ ನಲವತ್ತೈದರ ಆಸುಪಾಸು. ತುಮಕೂರು ಜಿಲ್ಲೆಯ ಗುಬ್ಬಿ–ತಿಪಟೂರು ಸೀಮೆಯ ಲಿಂಗಾಯತ ರೈತ ಮನೆತನ. ತೆಂಗಿನ ತೋಟ, ಸ್ವಲ್ಪ ಅಡಿಕೆ. ತಂದೆ ತೀರಿಕೊಂಡು ಕೆಲವು ವರ್ಷಗಳಾಗಿವೆ. ತಾಯಿ ಮತ್ತು ತಮ್ಮ ಊರಿನಲ್ಲಿದ್ದಾರೆ, ತೋಟ ನೋಡಿಕೊಳ್ಳುವವರು ತಮ್ಮನೇ.

ಮಹೇಶ್ ಮಾಧ್ಯಮಿಕ ಶಾಲೆಯಿಂದ ಎಸ್‌ಎಸ್‌ಎಲ್‌ಸಿವರೆಗೆ ಓದಿದ್ದು ಒಂದು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ. ಮಠ ಎಂದ ಕೂಡಲೇ ತುಮಕೂರಿನವರಿಗೆ ಸಿದ್ಧಗಂಗೆ ನೆನಪಾಗುತ್ತದೆ. 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಅಲ್ಲಿ ಉಂಡು ಓದಿದವರು ಈ ಜಿಲ್ಲೆಯ ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ಆದರೆ ಅನ್ನ, ವಸತಿ, ಓದು ಮೂರನ್ನೂ ಕೊಟ್ಟ ಮಠಗಳು ಈ ಸುತ್ತಿನಲ್ಲಿ ಬೇರೆಯೂ ಇವೆ. ಮಹೇಶ್ ಓದಿದ್ದು ಯಾವುದರಲ್ಲಿ ಎಂಬುದನ್ನು ಹೇಳದೆ ಬಿಡುತ್ತೇನೆ.

ಆ ಮಠದ ದಿನಚರಿಯ ಎರಡು ಸಂಗತಿಗಳು ಮಾತ್ರ ನಮಗೆ ಬೇಕು. ಬೆಳಗಿನ ಸಾಮೂಹಿಕ ಪ್ರಾರ್ಥನೆಯೂ ಶಾಲೆಯ ರಾಷ್ಟ್ರಗೀತೆಯೂ ಒಂದೇ ಮೈದಾನದಲ್ಲಿ, ಒಂದೇ ಸಾಲುಗಳಲ್ಲಿ ನಡೆಯುತ್ತಿದ್ದವು. ಆಗಸ್ಟ್ 15ರಂದು ಧ್ವಜ ಏರಿಸುತ್ತಿದ್ದವರು ಸ್ವಾಮೀಜಿ. ಇನ್ನೊಂದು, ಅಲ್ಲಿ ಊಟಕ್ಕೆ ಪ್ರಸಾದವೆಂದೇ ಹೆಸರು. ಸಾಲಾಗಿ ಕುಳಿತು, ಎಲ್ಲರಿಗೂ ಬಡಿಸಿದ ಮೇಲೆ ಮಂತ್ರ ಹೇಳಿ, ಒಟ್ಟಿಗೆ ಉಣ್ಣಬೇಕು. ತಟ್ಟೆಯಲ್ಲಿ ಅಗುಳು ಬಿಡುವಂತಿಲ್ಲ, ಪಂಕ್ತಿಯಿಂದ ಅರ್ಧಕ್ಕೆ ಏಳುವಂತಿಲ್ಲ.

ಮುಂದೆ ಎಂಜಿನಿಯರಿಂಗ್, ಬೆಂಗಳೂರಿನಲ್ಲಿ ಕೆಲಸ, ಆಮೇಲೆ ಅಮೆರಿಕ. ಕೆಲಸದ ವೀಸಾದಲ್ಲಿ ಹೋದವರು ಗ್ರೀನ್ ಕಾರ್ಡಿಗಾಗಿ ಹತ್ತು ವರ್ಷಕ್ಕೂ ಮೇಲೆ ಕಾದರು. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶದವರಿಗೂ ವರ್ಷಕ್ಕೆ ಸಾಮಾನ್ಯವಾಗಿ ಶೇಕಡ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಹೀಗೆ ಬೆಳೆಯುತ್ತದೆ. ಗ್ರೀನ್ ಕಾರ್ಡ್ ಬಂದು ಐದು ವರ್ಷ ಕಳೆದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಿದರು. ಸಂದರ್ಶನವೂ ನಾಗರಿಕ ಜ್ಞಾನದ ಪರೀಕ್ಷೆಯೂ ಮುಗಿದವು. ಪ್ರಮಾಣವಚನದ ದಿನಾಂಕ ತಿಳಿಸುವ ಪತ್ರ ಬಂತು. ಕನಸು ಶುರುವಾದದ್ದು ಆ ಪತ್ರದ ನಂತರ.

ಕನಸು

"ಮಠದ ಊಟದ ಹಾಲ್. ಸಾಲಾಗಿ ಕುಳಿತಿದ್ದೇವೆ. ನಾನು ಈಗಿನ ವಯಸ್ಸಿನವನು, ಉಳಿದವರೆಲ್ಲ ಹುಡುಗರು. ಬಡಿಸುತ್ತಿರುವವರು ಕಡುನೀಲಿ ಸಮವಸ್ತ್ರದ ಗಂಡಸರು. ಒಬ್ಬ ಬೂದು ಬಣ್ಣದ ಪ್ಲಾಸ್ಟಿಕ್ ಟ್ರೇ ಹಿಡಿದು ಬಂದು, ಕೊರಳಲ್ಲಿರುವುದನ್ನು ಇದರಲ್ಲಿಡಿ ಎನ್ನುತ್ತಾನೆ. ಕನ್ನಡದಲ್ಲೇ ಹೇಳುತ್ತಾನೆ. ಕರಡಿಗೆ ತೆಗೆದು ಇಡುತ್ತೇನೆ. ಟ್ರೇ ತಾನಾಗಿಯೇ ದೂರ ಸರಿಯುತ್ತದೆ. ಹೊರಗೆ ಹುಡುಗರು ಹಾಡುತ್ತಿದ್ದಾರೆ, ಪ್ರಾರ್ಥನೆಯೋ ಜನಗಣಮನವೋ ಗೊತ್ತಾಗುತ್ತಿಲ್ಲ. ರಾಷ್ಟ್ರಗೀತೆಯಾದರೆ ಎದ್ದು ನಿಲ್ಲಬೇಕು. ಏಳುತ್ತೇನೆ. ನಾನೊಬ್ಬನೇ ಎದ್ದಿರುತ್ತೇನೆ. ಕೈ ಎತ್ತು ಎನ್ನುತ್ತಾರೆ. ಎತ್ತುತ್ತೇನೆ, ಕೈಯಲ್ಲಿ ಅನ್ನ ಮೆತ್ತಿಕೊಂಡಿದೆ. ಎಲ್ಲ ಹುಡುಗರೂ ನೋಡುತ್ತಾರೆ. ಎಚ್ಚರವಾಗುತ್ತದೆ."

ವಾರಕ್ಕೆ ಒಂದೆರಡು ಸಲ, ಬೆಳಗಿನ ಜಾವ. ಎದ್ದ ಮೇಲೆ ಎದೆ ಬಡಿತ, ಮತ್ತೆ ನಿದ್ರೆ ಇಲ್ಲ. ಕೆಲಸದಲ್ಲಿ ತಪ್ಪುಗಳಾಗತೊಡಗಿದವು. ಪ್ರಮಾಣದ ದಿನಾಂಕವನ್ನು ಕಾರಣ ಕೊಟ್ಟು ಮುಂದೂಡಿಸಿಕೊಂಡು, ರಜೆ ಹಾಕಿ ಊರಿಗೆ ಬಂದರು. ಬಂದ ಮೇಲೆಯೂ ಕನಸು ಬಂತು, ಹೊತ್ತು ಮಾತ್ರ ಬದಲಾಯಿತು.

ನನ್ನಲ್ಲಿಗೆ ಬರುವ ಮೊದಲು

ನಮ್ಮಲ್ಲಿ ಯಾರೂ ಕನಸು ಕಂಡ ಮಾರನೆಯ ದಿನವೇ ಸಮಾಲೋಚಕರ ಬಳಿಗೆ ಬರುವುದಿಲ್ಲ. ಮನೆಯವರ ಸುತ್ತು ಮುಗಿಸಿ ಬರುತ್ತಾರೆ. ಅವರು ಹೊತ್ತು ತಂದ ಅರ್ಥಗಳನ್ನು ಮೊದಲು ಕೇಳಿ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ, ಏಕೆಂದರೆ ಅಷ್ಟು ಹೊತ್ತಿಗೆ ಅವೂ ಕನಸಿನೊಳಗೆ ಸೇರಿಕೊಂಡಿರುತ್ತವೆ.

ತಾಯಿಗೆ ಇದು ಸ್ಪಷ್ಟ ಅಪಶಕುನ. ಕರಡಿಗೆಯಲ್ಲಿಟ್ಟು ಕೊರಳಲ್ಲಿ ಧರಿಸುವ ಇಷ್ಟಲಿಂಗ ಮೈಯಿಂದ ಬೇರೆಯಾಗಬಾರದು ಎಂಬ ಕಟ್ಟುಪಾಡಿನಲ್ಲಿ ಬೆಳೆದವರು ಅವರು. ಮಗ ಅದನ್ನು ತೆಗೆದು ಪರರ ಕೈಗೆ ಕೊಟ್ಟದ್ದು ಕನಸಿನಲ್ಲಾದರೂ ಸಹಿಸಲಾಗದ ಮಾತು. ಬೇರೆ ದೇಶದ ಪ್ರಜೆಯಾದರೆ ಲಿಂಗ ಬಿಡಬೇಕಾಗುತ್ತದೆ ಎಂದು ದೇವರೇ ಎಚ್ಚರಿಸಿದ್ದಾನೆ ಎಂದರು. ಮಠಕ್ಕೆ ಕರೆದುಕೊಂಡು ಹೋಗಿ ಪೂಜೆ ಮಾಡಿಸಿದರು. ಕೆಲವು ದಿನ ಕನಸು ಬರಲಿಲ್ಲ, ಆಮೇಲೆ ಬಂತು.

ಸೈನ್ಯದಿಂದ ನಿವೃತ್ತರಾದ ಸೋದರಮಾವನ ಪ್ರಕಾರ ಆತ್ಮಸಾಕ್ಷಿ ಛೀಮಾರಿ ಹಾಕುತ್ತಿದೆ. ಹುಡುಗರೆಲ್ಲ ನೋಡುತ್ತಿದ್ದಾರಲ್ಲ, ಅದೇ ದೇಶ ನೋಡುತ್ತಿರುವುದು. ಹೆಂಡತಿ ಫೋನಿನಲ್ಲಿ, ಬೇಡ ಎನಿಸಿದರೆ ಬಿಟ್ಟುಬಿಡಿ, ಗ್ರೀನ್ ಕಾರ್ಡಿನಲ್ಲೇ ಇರೋಣ ಎಂದರು. ಸಹೋದ್ಯೋಗಿಯೊಬ್ಬರು ವಲಸೆ ಕಚೇರಿಯ ಒತ್ತಡ, ಮಾತ್ರೆ ತೆಗೆದುಕೊಳ್ಳಿ ಎಂದರು. ಮೊಬೈಲಿನ ಕನಸಿನ ಆ್ಯಪ್ ಒಂದಕ್ಕೂ ಕೇಳಿದ್ದರು. ಟ್ರೇ ಎಂದರೆ ಹಳೆಯದನ್ನು ಬಿಟ್ಟುಕೊಡುವ ಸಿದ್ಧತೆಯಂತೆ, ಶುಭವಂತೆ.

ಇವುಗಳಲ್ಲಿ ಯಾವುದೂ ಹುಚ್ಚು ಮಾತಲ್ಲ. ಆದರೆ ಒಂದನ್ನು ಗಮನಿಸಿದೆ. ತಾಯಿ ಲಿಂಗವನ್ನು ಹಿಡಿದರು, ಮಾವ ರಾಷ್ಟ್ರಗೀತೆಯನ್ನು, ಸಹೋದ್ಯೋಗಿ ಸಮವಸ್ತ್ರವನ್ನು, ಆ್ಯಪ್ ಟ್ರೇಯನ್ನು. ಕೈಗೆ ಮೆತ್ತಿಕೊಂಡ ಅನ್ನವನ್ನು ಯಾರೂ ಮುಟ್ಟಿರಲಿಲ್ಲ. ಹಾಳೆಯ ಅಂಚಿನಲ್ಲಿ ಒಂದು ಗುರುತು ಹಾಕಿ ಸುಮ್ಮನಾದೆ.

ಏನು ಮಾಡಿದೆವು

ಖಿನ್ನತೆಯ ಲಕ್ಷಣಗಳಿವೆಯೇ, ಕುಡಿತ ಹೆಚ್ಚಿದೆಯೇ, ಔಷಧ ಬದಲಾಗಿದೆಯೇ ಎಂಬ ಪ್ರಶ್ನೆಗಳು ಮೊದಲು. ಹಾಗೇನೂ ಇರಲಿಲ್ಲ. ನಿದ್ರೆ ಕೆಟ್ಟದ್ದಕ್ಕೆ ಪ್ರಯಾಣದ ಸಮಯವ್ಯತ್ಯಾಸವೂ ಸೇರಿತ್ತು.

ನಾನು ತೆಗೆದುಕೊಂಡ ಮೊದಲ ನಿರ್ಧಾರ ಅರ್ಥ ಹೇಳದಿರುವುದು. ಇದು ಹೊಸ ಮಾತೇನೂ ಅಲ್ಲ. 1900ರ ಹೊತ್ತಿಗೇ ಫ್ರಾಯ್ಡ್, ಸಂಕೇತಗಳ ಪಟ್ಟಿ ಇಟ್ಟುಕೊಂಡು ಅರ್ಥ ಬಿಡಿಸುವ ಹಳೆಯ ಪದ್ಧತಿಯನ್ನು ಬದಿಗಿಟ್ಟು, ಕನಸಿನ ಒಂದೊಂದು ತುಣುಕಿಗೂ ಕಂಡವರಿಗೇ ಏನು ನೆನಪಾಗುತ್ತದೆ ಎಂದು ಕೇಳಬೇಕು ಎಂದಿದ್ದರು. ಅವರ ಉಳಿದ ಸಿದ್ಧಾಂತಗಳ ಬಗ್ಗೆ ನನಗೆ ತಕರಾರುಗಳಿವೆ, ಈ ಒಂದು ಪದ್ಧತಿಯ ಬಗ್ಗೆ ಇಲ್ಲ.

ಎರಡನೆಯದು ಕ್ರಮದ ವಿಷಯ. ದೊಡ್ಡ ಸಂಕೇತಗಳನ್ನು ಕೊನೆಗೆ ಇಟ್ಟುಕೊಂಡೆ. ಲಿಂಗ, ರಾಷ್ಟ್ರಗೀತೆ, ಪ್ರಮಾಣ ಇವುಗಳಿಗೆ ಸಮಾಜ ಮೊದಲೇ ಅರ್ಥ ಕೊಟ್ಟಿದೆ. ಕೇಳಿದ ಕೂಡಲೇ ಭಾಷಣದ ಮಾತು ನಾಲಿಗೆಗೆ ಬರುತ್ತದೆ, ಆಮೇಲೆ ಸ್ವಂತ ಮಾತು ಹೊರಡುವುದಿಲ್ಲ. ಹೀಗಾಗಿ ಟ್ರೇಯಿಂದ ಹೊರಟೆವು.

ಟ್ರೇ ಎಂದರೆ ವಿಮಾನ ನಿಲ್ದಾಣ. ಅಮೆರಿಕಕ್ಕೆ ಹೋದ ಮೊದಲ ವರ್ಷಗಳಲ್ಲಿ ಒಮ್ಮೆ ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆಯನ್ನು ತೆಗೆದು ಟ್ರೇಯಲ್ಲಿಡಲು ಹೇಳಿದ್ದರು. ಸಿಬ್ಬಂದಿ ಒರಟಾಗಿರಲಿಲ್ಲ, ಹಿಂದೆ ಜನ ಕಾಯುತ್ತಿದ್ದರು, ವಿವರಿಸಲು ಇಂಗ್ಲಿಷ್ ತೊಡರಿತು. ಇಟ್ಟರು. ಆ ಕಡೆ ಹೋಗಿ ಎತ್ತಿಕೊಂಡರು.

"ಆಮೇಲೆ ಹಾಕಿಕೊಂಡಿರಾ?" ಎಂದು ಕೇಳಿದೆ. ಕೇಳುವಾಗ ಇದು ಮುಖ್ಯ ಪ್ರಶ್ನೆ ಎಂದೇನೂ ಅನಿಸಿರಲಿಲ್ಲ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆವತ್ತು ಜೇಬಿಗೆ ಹಾಕಿಕೊಂಡದ್ದು, ಮನೆಗೆ ಹೋಗಿ ಡ್ರಾಯರಿನಲ್ಲಿಟ್ಟದ್ದು, ಅಲ್ಲೇ ಉಳಿಯಿತಂತೆ. ಊರಿಗೆ ಬರುವಾಗ ಮಾತ್ರ ತಾಯಿಗಾಗಿ ಧರಿಸುತ್ತಿದ್ದರು. ಎಷ್ಟೋ ವರ್ಷಗಳಿಂದ ಹೀಗೆ. ಮನೆಯವರ ಪಾಸ್‌ಪೋರ್ಟುಗಳನ್ನು ಇಡುವುದೂ ಅದೇ ಡ್ರಾಯರಿನಲ್ಲಿ.

ಪ್ರಕರಣದ ಮೊದಲ ತಿರುವು ಇದು. ತಾಯಿಯ ಭಯಕ್ಕೂ ಮಾವನ ಛೀಮಾರಿಗೂ ಒಂದು ಸಮಾನ ತಳಹದಿ ಇತ್ತು: ಮಹೇಶ್ ಇನ್ನು ಮುಂದೆ ಏನನ್ನೋ ಬಿಡಲಿದ್ದಾರೆ, ಅದಕ್ಕೆ ಬೇರೆ ದೇಶದ ಪೌರತ್ವ ಕಾರಣ. ಆದರೆ ಲಿಂಗ ಮೈಯಿಂದ ಇಳಿದಾಗ ಅವರು ಪೂರ್ತಿ ಭಾರತೀಯ ಪ್ರಜೆ, ಜೇಬಿನಲ್ಲಿ ಇದ್ದದ್ದು ಭಾರತದ ಪಾಸ್‌ಪೋರ್ಟು. ಯಾರೂ ಬಲವಂತ ಮಾಡಿರಲಿಲ್ಲ. ಕನಸು ಮುಂದಾಗುವುದನ್ನು ತೋರಿಸುತ್ತಿದೆ ಎಂದು ಮನೆಯವರೆಲ್ಲ ನಂಬಿದ್ದರು, ಅದು ಹಿಂದೆ ಆದದ್ದನ್ನು ತೋರಿಸುತ್ತಿತ್ತು.

ಸುಲಭದ ದಾರಿ ಇಲ್ಲೇ ಇತ್ತು. "ನೋಡಿ, ಇದು ಧಾರ್ಮಿಕ ಅಪರಾಧಪ್ರಜ್ಞೆ, ಲಿಂಗ ಮತ್ತೆ ಧರಿಸಿ, ಸರಿಹೋಗುತ್ತದೆ" ಎಂದು ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ, ಏಕೆಂದರೆ ಊರಿನಲ್ಲಿ ಅವರು ಧರಿಸಿಯೇ ಇದ್ದರು, ಆದರೂ ಕನಸು ಬರುತ್ತಿತ್ತು.

ಹಾಲಿಗೆ ಹೋದೆವು. ನೆಲದ ಮೇಲೆ ಕುಳಿತ ಸಾಲುಗಳನ್ನು ಕಾಗದದ ಮೇಲೆ ಬರೆದು ತೋರಿಸಿ ಎಂದೆ. ಬರೆಯುತ್ತಾ ಅವರು ಹೇಳಿದ ಒಂದು ಮಾತು ನನಗೆ ಇಡೀ ಪ್ರಕರಣದಲ್ಲಿ ಬಹಳ ಬೆಲೆಯುಳ್ಳದ್ದಾಗಿ ಕಂಡಿತು. ಹುಡುಗರಾಗಿದ್ದಾಗ ಪ್ರಾರ್ಥನೆ ಎಲ್ಲಿ ಮುಗಿದು ರಾಷ್ಟ್ರಗೀತೆ ಎಲ್ಲಿ ಶುರುವಾಗುತ್ತದೆ ಎಂಬುದು ತಮಗೆ ಮುಖ್ಯವೇ ಆಗಿರಲಿಲ್ಲವಂತೆ. ಎರಡಕ್ಕೂ ಕೈ ಮುಗಿದೇ ನಿಲ್ಲುತ್ತಿದ್ದ ಚಿಕ್ಕ ಹುಡುಗರನ್ನು ದೈಹಿಕ ಶಿಕ್ಷಣದ ಮೇಷ್ಟ್ರು ಬಂದು ಕೈ ಕೆಳಗಿಳಿಸಿ ನಿಲ್ಲಿಸುತ್ತಿದ್ದರಂತೆ. ಅಂದರೆ ಈ ಮನುಷ್ಯನಿಗೆ ದೇವರೂ ದೇಶವೂ ಒಂದೇ ಕೈಯಿಂದ, ಒಂದೇ ಮೈದಾನದಲ್ಲಿ ಸಿಕ್ಕಿದ್ದವು. ಅವುಗಳ ಜೊತೆಗೇ ಅನ್ನವೂ ಸಿಕ್ಕಿತ್ತು. ಹಳ್ಳಿಗಳ ರೈತರು ಮಠಕ್ಕೆ ಕೊಟ್ಟ ರಾಗಿ, ಅಕ್ಕಿ, ಕಾಯಿ ಅದು. ಪಾಸ್‌ಪೋರ್ಟು ಒಂದನ್ನು ಬಿಟ್ಟುಕೊಡುವಾಗ ಉಳಿದೆರಡೂ ಅಲುಗಾಡಿದರೆ ಆಶ್ಚರ್ಯವೇನಿದೆ? ದೇಶ ಬೇರೆ, ಧರ್ಮ ಬೇರೆ ಎಂದು ವಯಸ್ಕರಾಗಿ ನಾವು ಬಿಡಿಸಿಟ್ಟುಕೊಂಡಿರುತ್ತೇವೆ. ಅವರ ಕನಸಿಗೆ ಆ ಬಿಡಿಸುವಿಕೆ ಗೊತ್ತಿರಲಿಲ್ಲ. ಹೊರಗಿನ ಹಾಡು ಯಾವುದೆಂದು ತಿಳಿಯದಿರುವುದು ಇದರಿಂದಲೇ ಎಂದು ಅವರೇ ಹೇಳಿದರು.

ಇಲ್ಲಿ ದೀಕ್ಷೆಯ ಮಾತು ಬಂತು. ಅಮೆರಿಕದ ಪ್ರಮಾಣವಚನದಲ್ಲಿ, ಈವರೆಗೆ ತಾನು ಪ್ರಜೆಯಾಗಿದ್ದ ದೇಶದ ಮೇಲಿನ ನಿಷ್ಠೆಯನ್ನು ಸಂಪೂರ್ಣವಾಗಿ ತ್ಯಜಿಸುತ್ತೇನೆ ಎಂಬ ಮಾತು ಆರಂಭದಲ್ಲೇ ಇದೆ. ಕೊನೆಯಲ್ಲಿ ದೇವರ ಹೆಸರು ಬರುತ್ತದೆ, ಬೇಡವೆನ್ನುವವರಿಗೆ ಅದನ್ನು ಬಿಡಲು ಅವಕಾಶವಿದೆ. ಸಮಾರಂಭಕ್ಕೆ ಬಂದವರು ಗ್ರೀನ್ ಕಾರ್ಡನ್ನು ಮೊದಲು ಹಿಂತಿರುಗಿಸಬೇಕು. ಈ ವಿವರಗಳನ್ನು ಓದಿದ ದಿನ ಅವರಿಗೆ ನೆನಪಾದದ್ದು ಹುಡುಗನಾಗಿದ್ದಾಗ ಮಠದಲ್ಲಿ ಪಡೆದ ದೀಕ್ಷೆ. ದೀಕ್ಷೆಯಾದವನಿಗೆ ಪೂರ್ವಾಶ್ರಯವಿಲ್ಲ ಎಂದು ಆಗ ಹೇಳಿಕೊಟ್ಟಿದ್ದರು. ಹಿಂದಿನದನ್ನು ಬಿಟ್ಟೇ ಹೊಸದಕ್ಕೆ ಸೇರುವ ಕ್ರಮ ಅಲ್ಲೂ ಇದೆ, ಇಲ್ಲೂ ಇದೆ. "ಒಂದು ಸಲ ಬಿಟ್ಟು ಬಂದವನು ಇನ್ನೊಂದು ಸಲ ಬಿಡುವಾಗ ಮೊದಲನೆಯದೂ ಬಿಟ್ಟುಹೋಗುತ್ತದೆಯೇ?" ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಅವರು ನಂಬುವ ಹಿರಿಯರೊಬ್ಬರನ್ನು ಕೇಳಿ ಎಂದೆ. ಕೇಳಿಕೊಂಡು ಬಂದರು. ಇಷ್ಟಲಿಂಗವನ್ನು ಅಂಗೈಗೆ ಕೊಟ್ಟದ್ದೇ ಎಲ್ಲಿಗಾದರೂ ಒಯ್ಯಲಿ ಎಂದು, ಅದಕ್ಕೆ ಗುಡಿಯ ಗೋಡೆಯೂ ಬೇಡ, ದೇಶದ ಗಡಿಯೂ ಬೇಡ ಎಂಬುದು ಆ ಹಿರಿಯರ ಉತ್ತರ. ಅದರಿಂದ ಮಹೇಶರಿಗೆ ಸಮಾಧಾನವಾಯಿತು. ಕನಸು ಮಾತ್ರ ನಿಲ್ಲಲಿಲ್ಲ.

ತಾಯಿಯವರನ್ನೂ ಒಮ್ಮೆ ಕರೆಸಿದ್ದೆ, ಮಗನ ಒಪ್ಪಿಗೆ ಪಡೆದು. ಅವರ ಭಯಕ್ಕೆ ಮನಶ್ಶಾಸ್ತ್ರದ ಮಾತು ಉತ್ತರವಾಗುತ್ತಿರಲಿಲ್ಲ. ಚರಕ ಸಂಹಿತೆಯಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ ಎಂದು ಹೇಳಿದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ವಾತ ಪಿತ್ತ ಕಫಗಳ ದೋಷದಿಂದ ಹುಟ್ಟಿದ್ದು. ಮೊದಲ ಐದಕ್ಕೆ ಫಲವಿಲ್ಲ ಎಂದು ಅಲ್ಲೇ ಇದೆ. ಅವರು ಗಮನವಿಟ್ಟು ಕೇಳಿದರು. "ಹಾಗಾದರೆ ಇದು ಕಂಡದ್ದೋ ಅನುಭವಿಸಿದ್ದೋ ಇರಬಹುದಲ್ಲವಾ ತಾಯಿ?" ಎಂದು ಅವರೇ ಕೇಳಿದರು. ಅಷ್ಟಕ್ಕೆ ನಿಲ್ಲಿಸಿದೆ. ಡ್ರಾಯರಿನ ವಿಷಯ ಅವರಿಗೆ ಗೊತ್ತಿರಲಿಲ್ಲ, ನಾನು ಹೇಳುವಂತೆಯೂ ಇರಲಿಲ್ಲ.

ಕೈ

ಕೊನೆಗೆ ಉಳಿದದ್ದು ಅಂಚಿನ ಗುರುತು. ಎದ್ದು ನಿಂತು, ಕನಸಿನಲ್ಲಿ ಎತ್ತಿದ ಹಾಗೆ ಕೈ ಎತ್ತಿ ತೋರಿಸಿ ಎಂದೆ. ಬಲಗೈ ಎತ್ತಿದರು. ಪ್ರಮಾಣಕ್ಕೆ ಎತ್ತುವುದೂ ಬಲಗೈಯನ್ನೇ. ಆದರೆ ಅಂಗೈ ಬಿಚ್ಚಿರಲಿಲ್ಲ. ಉಣ್ಣುವಾಗ ಯಾರಾದರೂ ಕರೆದರೆ ನಾವು ಹಿಡಿಯುವಂತೆ ಐದೂ ಬೆರಳು ಒಟ್ಟುಗೂಡಿ ಕೆಳಗೆ ಬಾಗಿದ್ದವು.

"ಈ ಎಂಜಲು ಕೈಯಲ್ಲಿ ನೀವು ಯಾವಾಗಲಾದರೂ ಪಂಕ್ತಿಯಿಂದ ಎದ್ದಿದ್ದಿರಾ?"

"ಇಲ್ಲ ಮೇಡಂ. ಏಳಲಿಲ್ಲ" ಎಂದರು. ಏಳಲಿಲ್ಲ ಎಂದು ಅವರು ಹೇಳಿದ ರೀತಿಯಲ್ಲೇ ಒಂದು ನಿರ್ದಿಷ್ಟ ದಿನ ಇತ್ತು.

ಒಂಬತ್ತನೆಯ ತರಗತಿ. ತಮ್ಮ ಅದೇ ಮಠದಲ್ಲಿ ಏಳನೆಯ ತರಗತಿಯಲ್ಲಿದ್ದ. ಒಂದು ಸಂಜೆ ಊಟದ ನಡುವೆ ಚಿಕ್ಕಪ್ಪ ಬಾಗಿಲಲ್ಲಿ ಬಂದು ನಿಂತು ಕೈಸನ್ನೆ ಮಾಡಿದರು. ತಂದೆ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿರುವ ಸುದ್ದಿ ಹಿಂದಿನ ದಿನವೇ ಬಂದಿತ್ತು. ಇಬ್ಬರಲ್ಲಿ ಒಬ್ಬ ಮಗ ಮನೆಗೆ ಬರಬೇಕಾಗುತ್ತದೆ ಎಂಬುದು ಯಾರೂ ಹೇಳದೆಯೇ ಗೊತ್ತಾಗುವ ಮಾತು. ದೊಡ್ಡವನಾದ ಮಹೇಶ್ ಏಳಲು ಹೊರಟರು. ಬಡಿಸುತ್ತಿದ್ದ ಹಿರಿಯ ವಿದ್ಯಾರ್ಥಿ, ಪಂಕ್ತಿಯಿಂದ ಅರ್ಧಕ್ಕೆ ಏಳಬಾರದು, ಮುಗಿಸಿ ಹೋಗು ಎಂದ. ಕುಳಿತರು. ನಿಯಮ ಅವರ ಪರವಾಗಿತ್ತು. ಆಮೇಲೆ ಬೇಕೆಂದೇ ನಿಧಾನವಾಗಿ ಉಂಡರು. ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು. ಕೈ ತೊಳೆದು ಹೊರಗೆ ಬರುವಷ್ಟರಲ್ಲಿ, ಮೈ ಬೆಚ್ಚಗಿದೆ ಎಂದು ಆ ಹೊತ್ತು ಊಟಕ್ಕೆ ಬಾರದೆ ಕೋಣೆಯಲ್ಲಿದ್ದ ತಮ್ಮನಿಂದ ಟ್ರಂಕು ಕಟ್ಟಿಸಿ ಚಿಕ್ಕಪ್ಪ ಕೊನೆಯ ಬಸ್ಸಿಗೆ ಹೊರಟಾಗಿತ್ತು. ತಮ್ಮ ಮತ್ತೆ ಶಾಲೆಗೆ ಬರಲಿಲ್ಲ.

"ಹಸಿವಿರಲಿಲ್ಲ ಮೇಡಂ" ಎಂದರು.

ಹೆಂಡತಿಗೂ ಹೇಳದ ಸಂಗತಿ. ಕನಸಿನಲ್ಲಿ ಅವರು ಕೊನೆಗೂ ಎದ್ದಿದ್ದಾರೆ, ಅದೂ ಬೇರೆ ಕರೆಗೆ, ಬೇರೆಯವರ ಮುಂದೆ ಕೈ ಎತ್ತಲು. ಹಾಗಾದರೆ ಕನಸು ಕೇವಲ ತಮ್ಮನ ಬಗೆಗಿನದೇ, ದೇಶ ಧರ್ಮಗಳೆಲ್ಲ ಬರೀ ಮುಸುಕೇ? ಮನೋವಿಶ್ಲೇಷಣೆಯ ಚಟ ಹತ್ತಿದವರು ಹಾಗೆ ಹೇಳಿ ಹಿಗ್ಗುತ್ತಾರೆ. ನಾನು ಒಪ್ಪುವುದಿಲ್ಲ. ಪಂಕ್ತಿ ಎಂಬುದು ಮಹೇಶರ ಬದುಕಿನಲ್ಲಿ ಧರ್ಮ, ದೇಶ, ಒಡಹುಟ್ಟು ಮೂರೂ ಕೂಡಿ ಕುಳಿತ ಜಾಗ. ಊರಿನವರ ಅನ್ನ ಉಂಡು, ಸರ್ಕಾರದ ಸೀಟಿನಲ್ಲಿ ಓದಿ, ತಮ್ಮನ ಸರದಿಯನ್ನೂ ತಾನೇ ತೆಗೆದುಕೊಂಡು ಮೇಲೆ ಬಂದವರು ಈಗ ಆ ಸಾಲನ್ನು ಕಾನೂನುಬದ್ಧವಾಗಿ ಬಿಟ್ಟು ಏಳಲಿದ್ದಾರೆ. ಪೌರತ್ವ ಬದಲಾಯಿಸುವುದು ದ್ರೋಹವಲ್ಲ. 2022ರಲ್ಲಿ 2,25,620 ಮಂದಿ ಭಾರತದ ಪೌರತ್ವ ತೊರೆದರೆಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ, ಅವರೆಲ್ಲ ದ್ರೋಹಿಗಳಲ್ಲ. ಆದರೂ ಋಣವೆಂಬುದು ಕಾನೂನಿನ ಮಾತಲ್ಲವಲ್ಲ. ಈ ಓದನ್ನು ನಾನು ಅವರಿಗೆ ತೀರ್ಪಿನಂತೆ ಕೊಡದೆ, ಹೀಗೆ ಕಾಣುತ್ತದೆ, ನಿಮಗೆ ಹೇಗೆ ಎಂದು ಕೇಳಿದೆ. "ಅನ್ನದ ಕೈ ಎತ್ತಿ ಇನ್ನೊಬ್ಬರಿಗೆ ಭಾಷೆ ಕೊಡುವುದು ಹೇಗೆ ಎಂಬುದೇ ನನ್ನ ಕಷ್ಟ" ಎಂದರು. ನನ್ನ ಮಾತಿಗಿಂತ ಅವರದು ನೇರವಾಗಿತ್ತು, ಅದನ್ನೇ ಉಳಿಸಿಕೊಂಡೆವು.

ತಮ್ಮನ ಮಾತು

ತಮ್ಮನಿಗೆ ಹೇಳಬೇಕೇ ಎಂಬುದು ಕಷ್ಟದ ನಿರ್ಧಾರ. ಹೇಳಿ ಎಂದು ನಾನು ಸೂಚಿಸಲಿಲ್ಲ. ಹೇಳಿದರೆ ಏನೇನಾಗಬಹುದು ಎಂದು ಕೂತು ಯೋಚಿಸಿದೆವು. ಜೊತೆಗೆ ಜಮೀನಿನ ಗೊಂದಲವೊಂದಿತ್ತು. ಅಮೆರಿಕದ ಪ್ರಜೆಯಾದರೆ ತೋಟದ ಪಾಲು ಹೋಗುತ್ತದೆ, ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡುಬಿಡಬೇಕು ಎಂಬ ಮಾತು ಮನೆಯಲ್ಲಿ ಓಡಾಡುತ್ತಿತ್ತು. ವಕೀಲರಲ್ಲಿಗೆ ಕಳಿಸಿದೆ. ಕಾನೂನು ಹೀಗಿದೆ: ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ 1955ರ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ ಪ್ರಕಾರ ಇಲ್ಲಿನದು ಕೊನೆಗೊಳ್ಳುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಸಾಗರೋತ್ತರ ಪ್ರಜೆ ಎಂಬ ಓಸಿಐ ಕಾರ್ಡ್ ಪಡೆಯಬಹುದು. ಅದರಲ್ಲಿ ಮತದಾನದ ಹಕ್ಕಿಲ್ಲ, ಕೃಷಿ ಜಮೀನು ಹೊಸದಾಗಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮನೆಯ ಅರ್ಧ ಉದ್ವೇಗ ಈ ಒಂದು ಮಾಹಿತಿಯಿಂದ ಇಳಿಯಿತು.

ಉಳಿದ ಅರ್ಧಕ್ಕೆ ಮಹೇಶ್ ತೋಟಕ್ಕೆ ಹೋಗಿ ತಮ್ಮನ ಮುಂದೆ ಆ ಸಂಜೆಯ ಮಾತೆತ್ತಿದರು. ತಮ್ಮ ಕೇಳಿಸಿಕೊಂಡು, "ಗೊತ್ತು. ಟ್ರಂಕು ಹೊತ್ತು ಹೋಗುವಾಗ ಬಾಗಿಲಿನಿಂದ ನೋಡಿದೆ, ನೀನು ಅನ್ನ ಹಾಕಿಸಿಕೊಳ್ಳುತ್ತಿದ್ದೆ" ಎಂದನಂತೆ. ಕೆಲವು ವರ್ಷ ಸಿಟ್ಟಿತ್ತು, ಆಮೇಲೆ ಹೋಯಿತು ಎಂದನಂತೆ. ಮಹೇಶ್ ಕಣ್ಣೀರು ಹಾಕಿದಾಗ, "ಈಗ ಅದನ್ನು ತಂದು ನನ್ನ ಮುಂದಿಟ್ಟು ನೀನು ಹಗುರಾಗಲು ನೋಡಬೇಡಣ್ಣ. ನಾನು ಬಾಳಿದ್ದು ನಿನ್ನ ಎಂಜಲಲ್ಲ. ಅಪ್ಪನ ಹೆಸರಿನಲ್ಲೇ ಪಹಣಿ ಇದೆ, ಹೋಗುವ ಮೊದಲು ಪೌತಿ ಖಾತೆ ಮಾಡಿಸು" ಎಂದನಂತೆ.

ಮಹೇಶ್ ಕ್ಷಮೆ ಸಿಗುತ್ತದೆ ಎಂದು ಹೋಗಿದ್ದರು, ಕೆಲಸ ಸಿಕ್ಕಿತು. ಎರಡು ದಿನ ಮಂಕಾಗಿದ್ದರು. ಆಮೇಲೆ ಕಂದಾಯ ಕಚೇರಿಗೆ ಓಡಾಡತೊಡಗಿದರು. ಆ ಓಡಾಟದ ದಿನಗಳಲ್ಲಿ ನಿದ್ರೆ ಸುಧಾರಿಸಿತು ಎಂಬುದನ್ನು ದಾಖಲಿಸುತ್ತೇನೆ, ಕಾರಣ ಇದೇ ಎಂದು ಹೇಳಲಾರೆ.

ಕಲಿಯುವವರಿಗೆ ಕೆಲವು ಮಾತು

ನಂಬಿಕೆ, ರಾಷ್ಟ್ರ, ಜಾತಿ ಇವುಗಳ ಚಿಹ್ನೆಗಳಿರುವ ಕನಸು ಬಂದಾಗ ಕೇಳುವವರಿಗೇ ಒಂದು ನಿಲುವು ಇರುತ್ತದೆ. ನನಗೂ ಇದೆ. ಪೌರತ್ವದ ಬಗ್ಗೆ ನನ್ನ ಅಭಿಪ್ರಾಯವನ್ನು ಮಹೇಶ್ ಎರಡು ಬಾರಿ ಕೇಳಿದರು, ಹೇಳಲಿಲ್ಲ. ಹೇಳಿದ್ದರೆ ಕನಸಿನ ಕಡುನೀಲಿ ಸಮವಸ್ತ್ರದ ಸಾಲಿಗೆ ನಾನೂ ಸೇರುತ್ತಿದ್ದೆ.

ಕನಸನ್ನು ಬರೆಸುವುದು ಒಳ್ಳೆಯದು, ಮೈಯಿಂದ ಮಾಡಿಸುವುದು ಇನ್ನೂ ಒಳ್ಳೆಯದು. "ಅನ್ನ ಮೆತ್ತಿಕೊಂಡಿದೆ" ಎಂಬ ವಾಕ್ಯ ಹಾಳೆಯ ಮೇಲೆ ಮೊದಲ ದಿನದಿಂದಲೇ ಇತ್ತು. ಅದರ ಹಿಂದಿನ ಸಂಜೆ ಹೊರಬಂದದ್ದು ಬೆರಳುಗಳು ಬಾಗಿದಾಗ.

ಮನೆಯವರ ಅರ್ಥಗಳನ್ನು ಮೂಢನಂಬಿಕೆ ಎಂದು ತಳ್ಳಿದ್ದರೆ ತಾಯಿ ನನ್ನ ಕೋಣೆಗೆ ಕಾಲಿಡುತ್ತಿರಲಿಲ್ಲ. ಮಗನೂ ಬಹುಶಃ ಡ್ರಾಯರಿನ ಮಾತು ಹೇಳುತ್ತಿರಲಿಲ್ಲ. ಧಾರ್ಮಿಕ ಪ್ರಶ್ನೆಗೆ ಧಾರ್ಮಿಕ ಹಿರಿಯರನ್ನೂ ಜಮೀನಿನ ಪ್ರಶ್ನೆಗೆ ವಕೀಲರನ್ನೂ ಕೇಳಲು ಕಳಿಸಿದ್ದು ಸಮಾಲೋಚನೆಯ ಭಾಗವೇ. ಎಲ್ಲವನ್ನೂ ಮನಸ್ಸಿನೊಳಗೇ ಹುಡುಕುವವರು ಪಹಣಿಯನ್ನು ಮರೆಯುತ್ತಾರೆ.

ಆಮೇಲೆ

ಮಹೇಶ್ ಹಿಂತಿರುಗಿ ಮುಂದಿನ ದಿನಾಂಕಕ್ಕೆ ಪ್ರಮಾಣ ಸ್ವೀಕರಿಸಿದರು. ಆ ದಿನ ಕರಡಿಗೆ ಧರಿಸಿದ್ದರೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕನಸು ಪ್ರಮಾಣದ ನಂತರ ಒಮ್ಮೆ ಬಂದಿತ್ತು. ಟ್ರೇ ಇರಲಿಲ್ಲವಂತೆ, ಹುಡುಗರೂ ನೋಡುತ್ತಿರಲಿಲ್ಲವಂತೆ, ಅನ್ನ ಮಾತ್ರ ಇತ್ತಂತೆ. ಎಚ್ಚರವಾದರೂ ಮತ್ತೆ ನಿದ್ರೆ ಬಂತು ಎಂದು ಬರೆದಿದ್ದರು.

ಪೌತಿ ಖಾತೆ ಆಗಿದೆ. ಪಹಣಿಯಲ್ಲಿ ಈಗ ತಾಯಿ ಮತ್ತು ಇಬ್ಬರು ಮಕ್ಕಳ ಹೆಸರು ಜಂಟಿಯಾಗಿದೆ, ವಿಭಾಗದ ಮಾತು ಬಾಕಿ. ಅಣ್ಣತಮ್ಮಂದಿರು ಫೋನಿನಲ್ಲಿ ಕೊಬ್ಬರಿ ಬೆಲೆ, ಕೊಳವೆಬಾವಿಯ ಮೋಟರಿನ ರಿಪೇರಿ ಮಾತಾಡುತ್ತಾರೆ. ಆ ಸಂಜೆಯ ವಿಷಯವನ್ನು ಇಬ್ಬರೂ ಮತ್ತೆ ಎತ್ತಿಲ್ಲ. ತಾಯಿ ಪೌರತ್ವವನ್ನು ಇನ್ನೂ ಒಪ್ಪಿಲ್ಲ. ಡ್ರಾಯರಿನ ವಿಷಯವನ್ನು ಮುಂದಿನ ಸಲ ಊರಿಗೆ ಬಂದಾಗ ಅವರಿಗೆ ಹೇಳಿಬಿಡಲೇ ಎಂದು ಮಹೇಶ್ ಈಚೆಗೆ ಸಂದೇಶ ಕಳಿಸಿದ್ದರು. ಹೇಳುವುದು ಯಾರಿಗಾಗಿ ಎಂಬುದನ್ನು ಮೊದಲು ಮಾತಾಡೋಣ, ಬಿಡುವಾದಾಗ ಫೋನ್ ಮಾಡಿ ಎಂದು ಉತ್ತರಿಸಿದ್ದೇನೆ.